ಇಂಕ್‌ಸ್ಕೇಪ್‌ನಲ್ಲಿ ಅಕ್ಷರದ ಮೇಲರ್ಧ ಹಳದಿ, ಕೆಳಗರ್ಧ ಕೆಂಪು: ಒತ್ತಕ್ಷರ ಬಂದಲ್ಲಿ ಗೆರೆ ಜಾರುತ್ತಿದೆ

ಪ್ರಶ್ನೆ (ಹಾಸನದಿಂದ)
ನವೆಂಬರ್ 1ಕ್ಕೆ ನಮ್ಮ ಬೀದಿಗೆ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ತಂತ್ರಾಂಶದಲ್ಲಿ ಬಟ್ಟೆ ಬ್ಯಾನರ್ ಮಾಡ್ತಿದೀನಿ. ‘ಹಾಸನ’, ‘ರಾಜ್ಯೋತ್ಸವ’ ಎರಡು ಬೇರೆ ಬೇರೆ ಟೆಕ್ಸ್ಟ್. ಬಾವುಟದ ಹಾಗೆ ಮೇಲೆ ಹಳದಿ, ಕೆಳಗೆ ಕೆಂಪು ಬರಬೇಕು. ಗ್ರೇಡಿಯಂಟ್ (ಒಂದು ಬಣ್ಣ ಇನ್ನೊಂದಕ್ಕೆ ತಿರುಗೋ ತುಂಬುಬಣ್ಣ) ಹಾಕಿದೆ. ‘ಹಾಸನ’ದಲ್ಲಿ ಬಣ್ಣ ಸರಿಯಾಗಿ ನಡುವೆ ಸೇರುತ್ತೆ, ‘ರಾಜ್ಯೋತ್ಸವ’ದಲ್ಲಿ ಮಾತ್ರ ಕೆಳಗಿಳಿದುಬಿಡುತ್ತೆ. ಪಕ್ಕಪಕ್ಕ ಇಟ್ಟರೆ ಎದ್ದು ಕಾಣುತ್ತೆ. ಏನು ಮಾಡಲಿ?

ಉತ್ತರ 1 (ಅರಸೀಕೆರೆ, ಡಿಟಿಪಿ ಕೆಲಸ)
ತಂತ್ರಾಂಶದ ತಪ್ಪಲ್ಲ. ಗ್ರೇಡಿಯಂಟ್ ಹಿಡಿಯೋದು ಟೆಕ್ಸ್ಟ್‌ನ ಪೂರ್ತಿ ಎತ್ತರವನ್ನ. ‘ಹಾಸನ’ದಲ್ಲಿ ಒತ್ತಿಲ್ಲ. ‘ರಾಜ್ಯೋತ್ಸವ’ದಲ್ಲಿ ಯ ಒತ್ತು, ಸ ಒತ್ತು ಕೆಳಗೆ ಇಳಿಬಿದ್ದಿವೆ, ಹಾಗಾಗಿ ಅದರ ‘ನಡು’ವೇ ಕೆಳಗೆ ಹೋಗುತ್ತೆ. ಕನ್ನಡದಲ್ಲಿ ಬ್ಯಾನರ್ ಮಾಡೋರಿಗೆಲ್ಲ ಇದು ಕಾಡೋದೇ.

ಗ್ರೇಡಿಯಂಟ್ ಬಿಟ್ಟುಬಿಡಿ. ಎರಡೂ ಪದ ಒಂದೇ ಟೆಕ್ಸ್ಟ್‌ನಲ್ಲಿ, ಒಂದೇ ಸಾಲಿನಲ್ಲಿ ಟೈಪ್ ಮಾಡಿ. ಕಂಟ್ರೋಲ್ ಡಿ ಒತ್ತಿ ಒಂದು ಪ್ರತಿ ತೆಗೆಯಿರಿ. ಹಳದಿ ಆಯತ ಒಂದು, ಅದಕ್ಕಂಟಿಕೊಂಡು ಕೆಳಗೆ ಕೆಂಪು ಆಯತ ಒಂದು ಬರೆದು ಗ್ರೂಪ್ ಮಾಡಿ. ಎರಡರ ಅಂಚು ‘ಸ’ ಅಕ್ಷರದ ಹೊಟ್ಟೆಯ ಮೇಲೆ ಬರೋ ಹಾಗೆ ಕೈಯಲ್ಲೇ ಸರಿಸಿ. ಕಣ್ಣಿಗೆ ನಡು ಅನ್ನಿಸೋದು ಅದೇ, ಒತ್ತುಗಳನ್ನ ಲೆಕ್ಕಕ್ಕೆ ಹಿಡೀಬೇಡಿ. ಈಗ ಒಂದು ಪ್ರತಿಯನ್ನ ಹೋಮ್ ಕೀಲಿಯಿಂದ ಎಲ್ಲಕ್ಕಿಂತ ಮೇಲೆ ತನ್ನಿ. ಅದನ್ನೂ ಗ್ರೂಪನ್ನೂ ಆಯ್ಕೆ ಮಾಡಿ, ಆಬ್ಜೆಕ್ಟ್ ಮೆನುವಿನಲ್ಲಿ ಕ್ಲಿಪ್, ಸೆಟ್ ಒತ್ತಿ; ಬಣ್ಣ ಅಕ್ಷರದ ಆಕಾರದೊಳಗೆ ಮಾತ್ರ ಉಳಿಯುತ್ತೆ. ಕಾಗುಣಿತ ತಿದ್ದಬೇಕಾದರೆ ಅಲ್ಲೇ ರಿಲೀಸ್ ಇದೆ, ಟೆಕ್ಸ್ಟ್ ಟೆಕ್ಸ್ಟಾಗೇ ವಾಪಸ್ ಸಿಗುತ್ತೆ.

ಉತ್ತರ 2 (ಚಿಕ್ಕಮಗಳೂರು)
ಬಿಳಿ ಬಟ್ಟೆ ಮೇಲೆ ಹಳದಿ ದೂರಕ್ಕೆ ಕಾಣಲ್ಲ. ಕಪ್ಪು ಅಂಚು ಕೊಡಿ.

ಉತ್ತರ 1
ಹೌದು, ಅದಕ್ಕೇ ಪ್ರತಿ ತೆಗೀರಿ ಅಂದಿದ್ದು. ಕೆಳಗೆ ಉಳಿದ ಟೆಕ್ಸ್ಟ್‌ಗೆ ದಪ್ಪ ಕಪ್ಪು ಸ್ಟ್ರೋಕ್ ಹಾಕಿ. ಬಣ್ಣ ಅದರ ಮೇಲೆ ಕೂರೋದರಿಂದ ಅಂಚು ಒಳಮುಖವಾಗಿ ಅಕ್ಷರವನ್ನ ತಿನ್ನಲ್ಲ. ಇಲ್ಲದಿದ್ದರೆ ಒತ್ತಿನ ಸಣ್ಣ ಗೆರೆಗಳು ಕಪ್ಪಲ್ಲೇ ಮುಳುಗಿಹೋಗುತ್ತವೆ, ನಮ್ಮ ಲಿಪಿಗೆ ಅಷ್ಟು ಅನ್ಯಾಯ ಮಾಡಬಾರದು.

ಪ್ರಶ್ನೆ ಕೇಳಿದವರು
ಗೆರೆ ನೇರ ನಿಂತಿತು, ತುಂಬಾ ಥ್ಯಾಂಕ್ಸ್! ಬಿ.ಎಂ. ರಸ್ತೆಯ ಪ್ರಿಂಟಿಂಗ್ ಅಂಗಡಿಗೆ ಪಿಡಿಎಫ್ ಕೊಡಬೇಕು. ಅವರ ಹತ್ತಿರ ಈ ಫಾಂಟ್ ಇಲ್ಲದಿದ್ದರೆ?

ಉತ್ತರ 1
ಮೂಲ ಫೈಲ್ ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಆಮೇಲೆ ಪಿಡಿಎಫ್ ಮಾಡುವಾಗ ಟೆಕ್ಸ್ಟನ್ನ ಪಾಥ್ ಮಾಡೋ ಆಯ್ಕೆ ಒತ್ತಿ. ಅಕ್ಷರಗಳು ಬರೀ ಆಕಾರಗಳಾಗುತ್ತವೆ, ಅವರ ಹತ್ತಿರ ಫಾಂಟ್ ಇರಬೇಕಿಲ್ಲ.