ಸೈಟೊಕೈನ್‌ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮೂತ್ರಕೋಶದ ಕ್ಯಾನ್ಸರ್ ಆದವರ ಮನೆಮಂದಿ ಓದಲೆಂದು ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ಸೈಟೊಕೈನ್ ಅನ್ನುವಲ್ಲಿ ಕೈ ನಿಂತಿದೆ. ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಸಣ್ಣ ಪ್ರೋಟೀನುಗಳಿವು.

'ಉರಿಯೂತಕಾರಕ' ಅನ್ನೋಣ ಎಂದು ಮೊದಲಿಗೆ ಹೊಳೆಯುತ್ತದೆ. ನನಗೆ ಅದು ಸರಿ ಕಾಣುವುದಿಲ್ಲ. ಇಂಟರ್‌ಲ್ಯೂಕಿನ್-10 ಉರಿಯೂತವನ್ನು ತಣಿಸುತ್ತದೆ, ಅದೂ ಸೈಟೊಕೈನೇ ಅಲ್ವಾ?

ಮೂತ್ರಕೋಶದಲ್ಲಂತೂ ಉರಿಯೂತಕ್ಕೆ ಎರಡು ಮುಖ. ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳದ ಮೊಟ್ಟೆಗಳು ಗೋಡೆಯಲ್ಲಿ ಸಿಕ್ಕಿಕೊಂಡರೆ ವರ್ಷಗಟ್ಟಲೆ ಉರಿಯೂತ ಇರುತ್ತದೆ, ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಇಂಟರ್‌ಲ್ಯೂಕಿನ್-6 ಕ್ಯಾನ್ಸರ್ ಕೋಶಗಳಿಗೆ ಬದುಕಲು, ಬೆಳೆಯಲು ಕುಮ್ಮಕ್ಕು ಕೊಡುತ್ತದೆ. ಇಂಟರ್‌ಲ್ಯೂಕಿನ್-8 ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತದೆ.

ಇನ್ನೊಂದು ಮುಖ ಬಿಸಿಜಿ ಚಿಕಿತ್ಸೆ. 1976ರಲ್ಲಿ ಮೂತ್ರರೋಗ ತಜ್ಞ ಮೊರಾಲೆಸ್ ಮತ್ತು ಜೊತೆಗಾರರು ಇದನ್ನು ವರದಿ ಮಾಡಿದರು. ಕ್ಯಾನ್ಸರ್ ಸ್ನಾಯುವಿಗೆ ಇಳಿಯದೆ ಒಳಪದರದಲ್ಲೇ ಇದ್ದು, ಮರುಕಳಿಸುವ ಭಯ ಇದ್ದರೆ, ಕ್ಷಯದ ಲಸಿಕೆಯ ಬ್ಯಾಕ್ಟೀರಿಯಾವನ್ನೇ ಕ್ಯಾತಿಟರ್ ಎಂಬ ಸಣ್ಣ ಕೊಳವೆಯ ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 6 ವಾರ. ಬೇಕೆಂದೇ ಉರಿಯೂತ ಎಬ್ಬಿಸುವುದು! ಆಗ ಇಂಟರ್‌ಲ್ಯೂಕಿನ್-2, ಇಂಟರ್‌ಫೆರಾನ್ ಗಾಮಾ ಎಂಬ ಸೈಟೊಕೈನ್‌ಗಳು ಮೂತ್ರದಲ್ಲೇ ಸಿಗುತ್ತವೆ. ರಕ್ಷಣಾ ಕೋಶಗಳು ಬಂದು ಕ್ಯಾನ್ಸರಿನ ಮೇಲೆ ಬೀಳುತ್ತವೆ. ಜೊತೆಗೆ ಉರಿಮೂತ್ರ, ಪದೇಪದೇ ಹೋಗಬೇಕೆನಿಸುವುದು ಕೂಡ. ಇಷ್ಟು ನೋವು ತಿನ್ನುವವರ ಕೈಗೆ 'ಕಾರಕ' ಅನ್ನುವ ಪದ ಕೊಟ್ಟರೆ ಸುಮ್ನೆ ಹೆದರಿಸಿದಂತೆ.

ಟಿಎನ್‌ಎಫ್ (ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್) ಎಂಬ ಸೈಟೊಕೈನ್ ಕೂಡ ಹೀಗೆಯೇ. ಹೆಸರನ್ನು ಬಿಡಿಸಿ 'ಗಡ್ಡೆ ಕೊಲ್ಲುವ ಅಂಶ' ಎಂದು ಬರೆದರೆ ಓದುಗ ತಪ್ಪು ತಿಳಿಯುತ್ತಾನೆ. ಅದು ಬಹುಕಾಲ ಜಿನುಗುತ್ತಿದ್ದರೆ ಗಡ್ಡೆಗೇ ಅನುಕೂಲವಾಗಬಹುದು. ಇದನ್ನು ಟಿಎನ್‌ಎಫ್ ಎಂದೇ ಬಿಡುತ್ತೇನೆ.

'ಕೋಶದೂತ' ಕೇಳಲು ಚೆನ್ನಾಗಿದೆ, ಆದರೆ ಇಲ್ಲಿ ತೊಡಕು. 'ಮೂತ್ರಕೋಶದ ಕೋಶಗಳು ಬಿಡುವ ಕೋಶದೂತ' ಎಂದು ಓದಿ ನೋಡಿ. ಅಂಗವನ್ನು 'ಮೂತ್ರಚೀಲ' ಎಂದರೆ ಈ ಗೋಜಲು ಬಹಳಷ್ಟು ಕಡಿಮೆಯಾಗುತ್ತದೆ. ಮೂತ್ರಪಿಂಡದ ಜೊತೆ ಬೆರೆಸಿಕೊಳ್ಳುವುದೂ ತಪ್ಪುತ್ತದೆ.

ಸದ್ಯಕ್ಕೆ 'ಸುದ್ದಿಪ್ರೋಟೀನು' ಎಂದು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಸೈಟೊಕೈನ್ ಎಂದೇ ಬರೆಯುವ ಯೋಚನೆ ಇದೆ. ಬೇರೆ ಕಡೆ ಓದುವಾಗ ಅವರಿಗೆ ಕಾಣುವುದು ಆ ಹೆಸರೇ. ನಿಮಗೆ ಇದಕ್ಕಿಂತ ಹಗುರವಾದ ಪದ ಗೊತ್ತೇ? ಇನ್ನೊಂದು: 'ಉರಿಯೂತ' ಎಂದರೆ ಓದುಗರು ಸೋಂಕು ಎಂದೇ ತಿಳಿಯುತ್ತಾರೆಯೇ? ಆಸ್ಪತ್ರೆಯಲ್ಲಿ ರೋಗಿಗಳೊಡನೆ ಮಾತಾಡುವವರು ದಯವಿಟ್ಟು ಹೇಳಿ.