ಪದಚರ್ಚೆ: ಕುದುರೆಯ 'ಕಾಲಿಕ್'ಗೆ ಗೋಡೆಯ ಮೇಲೆ ಏನೆಂದು ಬರೆಯೋಣ?

ಅಚ್ಚುಮೊಳೆ ಬರೆದದ್ದು:

ತುರ್ತಾಗಿ ಬೇಕಿದೆ. ಟಾಂಗಾ ಕುದುರೆ ಸಾಕಿದವರಿಗೂ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ಗಳಿಗೂ ಒಂದು ಗೋಡೆಹಲಗೆ, ಜೊತೆಗೆ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ. ಎರಡೂ ನಾಳೆ ಸಂಜೆ ನಾಲ್ಕಕ್ಕೆ ಅಚ್ಚಿಗೆ. ಹಲಗೆಯ ತಲೆಬರಹ 'ಕಾಲಿಕ್', ಅಂದರೆ ಕುದುರೆಯ ಹೊಟ್ಟೆಯ ನೋವು. ಪತ್ರದಲ್ಲಿ ಅದರ ನಾಲ್ಕು ಬಗೆಗಳಿವೆ: ಇಂಪ್ಯಾಕ್ಷನ್, ಡಿಸ್‌ಪ್ಲೇಸ್‌ಮೆಂಟ್, ವಾಲ್ವ್ಯುಲಸ್, ಇಂಟಸಸೆಪ್ಷನ್. ಸದ್ಯಕ್ಕೆ ಹೀಗೆ ಹಾಕಿಟ್ಟಿದ್ದೇನೆ: ಉದರಶೂಲೆ, ಮಲಬದ್ಧತೆ, ಸ್ಥಾನಪಲ್ಲಟ, ಆಂತ್ರವಲನ, ಆಂತ್ರಾಂತರಪ್ರವೇಶ. ಕೊನೆಯದನ್ನು ಟೈಪ್ ಮಾಡುವಾಗ ನನಗೇ ಹೊಟ್ಟೆ ನುಲಿಯಿತು. ಒಂದು ಸಾಲಿಗೆ 14 ಅಕ್ಷರಕ್ಕಿಂತ ಹೆಚ್ಚು ಹಿಡಿಸದು. ದಯವಿಟ್ಟು ಪದ ಕೊಡಿ, ಪ್ರಬಂಧ ಬೇಡ.

ನಿಘಂಟುಪ್ರಿಯ ಬರೆದದ್ದು:

'ಶೂಲೆ' ಇರುವಾಗ ಚರ್ಚೆ ಏಕೆ? ಶೂಲ ಎಂದರೆ ಮೊನೆ. ಮೊನೆಯಿಂದ ತಿವಿದಂಥ ನೋವು ಶೂಲೆ. ತಲೆಶೂಲೆ, ಹೊಟ್ಟೆಶೂಲೆ ಎರಡೂ ಬಳಕೆಯಲ್ಲಿವೆ. ಕಾಲಿಕ್‌ನ ಮೂಲ ಗ್ರೀಕಿನ ಕೋಲೊನ್, ಅಂದರೆ ದೊಡ್ಡ ಕರುಳು. ಅವರು ಜಾಗದ ಹೆಸರಿಟ್ಟರು, ನಾವು ನೋವಿನ ಹೆಸರಿಟ್ಟೆವು. ಕುದುರೆಯಲ್ಲಿ ನೋವು ಜಠರದ್ದಾಗಿರಬಹುದು, ಸಣ್ಣ ಕರುಳಿನದ್ದಾಗಿರಬಹುದು. ಆಗ ನಮ್ಮ ಪದವೇ ಹೆಚ್ಚು ಸರಿ. 12ನೆಯ ಶತಮಾನದಲ್ಲೇ ಕೀರ್ತಿವರ್ಮ ಕನ್ನಡದಲ್ಲಿ ಗೋವೈದ್ಯ ಬರೆದ. ಪ್ರಾಣಿವೈದ್ಯದ ಮಾತಿಗೆ ನಮ್ಮಲ್ಲಿ ಬಡತನವಿಲ್ಲ.

ಒಳನುಡಿ ಬರೆದದ್ದು:

ಗೋವಯ್ದ್ಯ ದನದ ಹೊತ್ತಗೆ, ಕುದುರೆಯದ್ದಲ್ಲ. ಶೂಲೆ ಯಾರ ನುಡಿ? ಸಯ್ಸ್ ಹಾಗೆ ಕೂಗುತ್ತಾನೆಯೇ? ಮಂದಿಯ ಬಾಯಲ್ಲಿ 'ಹೊಟ್ಟೆಬೇನೆ' ಇದೆ. ಅಚ್ಚಕನ್ನಡ, ಮಹಾಪ್ರಾಣವಿಲ್ಲ, ಶ-ಸ ತೊಡಕಿಲ್ಲ. ಉಳಿದವಕ್ಕೂ ಕಟ್ಟಿಕೊಡುತ್ತೇನೆ: ಬಿಗಿಗರುಳು, ಜಾರುಗರುಳು, ನುಲಿಗರುಳು, ಹೊಕ್ಕುಗರುಳು. ನಾಲ್ಕೂ ಒಂದೇ ಅಚ್ಚಿನಲ್ಲಿವೆ, ನೆನಪಿಗೆ ಸುಲಬ.

ನಿಘಂಟುಪ್ರಿಯ ಬರೆದದ್ದು:

> ಅಚ್ಚಕನ್ನಡ

ವೇದನಾ > ಬೇನೆ. ಯಾವ ತದ್ಭವ ಪಟ್ಟಿಯನ್ನಾದರೂ ತೆರೆಯಿರಿ. ನಿಮಗೆ ಬೇಕಿದ್ದ ದೇಸಿ ಪದ 'ನೋವು'. ಮುಂದಕ್ಕೆ.

ರೇಸ್‌ಕೋರ್ಸ್ ರಸ್ತೆ ಬರೆದದ್ದು:

ಲಾಯದಲ್ಲಿ ಎಲ್ಲರೂ ಹೇಳುವುದು 'ಕಾಲಿಕ್' ಅಂತ. ಹಾಗೇ ಬರೆಯಿರಿ, ಮುಗೀತು.

ಅಚ್ಚುಮೊಳೆ ಬರೆದದ್ದು:

ರೇಸಿನ ಲಾಯದಲ್ಲಿ ಸರಿ, ಟಾಂಗಾ ಸ್ಟ್ಯಾಂಡಿನಲ್ಲಿ ಅಲ್ಲ. ದಪ್ಪಕ್ಷರದಲ್ಲಿ 'ಕುದುರೆ ಕಾಲಿಕ್' ಎಂದು ಬರೆದರೆ ಓದುವವರ ಕಣ್ಣು ಮೊದಲು ಹೋಗುವುದು ಕುದುರೆಯ ಕಾಲಿಗೆ. ಗೊರಸು ಎತ್ತಿ ನೋಡುತ್ತ ಕೂತಾರು.

ಲಾಯದ ಡಾಕ್ಟರ್ ಬರೆದದ್ದು:

ಪದ ಆರಿಸುವ ಮುನ್ನ ಒಳಗೇನಾಗುತ್ತದೆ ಎಂದು ನೋಡಿಬಿಡಿ. ಇಲ್ಲಿ ತಪ್ಪು ಪದ ಬಿದ್ದರೆ ತಪ್ಪು ಔಷಧ ಬೀಳುತ್ತದೆ.

ಕಾಲಿಕ್ ಎಂದರೆ ಹೊಟ್ಟೆಯ ನೋವಿನ ಲಕ್ಷಣ, ಅಷ್ಟೇ. ಮುಂಗಾಲಿನಿಂದ ನೆಲ ಕೆರೆಯುವುದು, ಕತ್ತು ಹೊರಳಿಸಿ ಪಕ್ಕೆ ನೋಡಿಕೊಳ್ಳುವುದು, ಮಲಗಿ ಏಳುವುದು, ಮೇವು ಬಿಡುವುದು, ಹೊರಳುವುದು. ಕಾರಣ ಹತ್ತಾರು. ಆದ್ದರಿಂದ ತಲೆಬರಹಕ್ಕೆ ಸರಳವಾದ 'ಹೊಟ್ಟೆನೋವು' ಸಾಕು. 'ಶೂಲೆ'ಯ ಅರ್ಥ ತಪ್ಪಲ್ಲ. ಆದರೆ ಶಕಾರವೆಲ್ಲ ಸಕಾರವಾಗುವ ಕಡೆ, ಲಕಾರವನ್ನು ಯಾರಾದರೂ ಪೋಲಿ ಹುಡುಗರು ತಿದ್ದುವ ಗೋಡೆಯಲ್ಲಿ, ಆ ಪದ ಬೇಡ.

ಒಂದು ಪದವನ್ನು ಮಾತ್ರ ಯಾವ ಕಾರಣಕ್ಕೂ ಹಾಕಬೇಡಿ: 'ಹೊಟ್ಟೆ ಉಬ್ಬರ'. ದನ ಸಾಕಿದವರಿಗೆಲ್ಲ ಅದು ಗೊತ್ತಿರುವ ಪದ, ಅದರ ಜೊತೆಗೆ ಗೊತ್ತಿರುವ ಮದ್ದು ಬಾಟಲಿಯಲ್ಲಿ ಎಣ್ಣೆ ಕುಡಿಸುವುದು. ಕುದುರೆಯ ತಲೆ ಎತ್ತಿ ಹಿಡಿದು ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಹೊಟ್ಟೆನೋವಿನಿಂದ ಬದುಕಿದ ಕುದುರೆ ನ್ಯುಮೋನಿಯಾದಿಂದ ಸಾಯುತ್ತದೆ. ಇನ್ನೊಂದು, ಕುದುರೆಗೆ ವಾಂತಿ ಆಗುವುದಿಲ್ಲ. ಅನ್ನನಾಳ ಜಠರ ಸೇರುವ ಕಡೆಯ ಸ್ನಾಯು ಅಷ್ಟು ಬಿಗಿ. ಜಠರ ಹಿಡಿಸುವುದೇ 8ರಿಂದ 15 ಲೀಟರ್. ಸಣ್ಣ ಕರುಳಿನಲ್ಲಿ ದಾರಿ ಕಟ್ಟಿದರೆ ದ್ರವ ಹಿಂದಕ್ಕೆ ತುಂಬಿ ಜಠರವೇ ಒಡೆಯಬಹುದು. ಮೂಗಿನಿಂದ ಜಠರಕ್ಕೆ ಕೊಳವೆ ಇಳಿಸಿದಾಗ 2 ಲೀಟರಿಗಿಂತ ಹೆಚ್ಚು ದ್ರವ ಹಿಂದೆ ಬಂದರೆ ನಾವು ಗಾಬರಿಯಾಗುವುದು ಅದಕ್ಕೇ. ಆ ಸ್ಥಿತಿಯಲ್ಲಿ ಬಾಯಿಂದ ಮತ್ತೆ ಏನಾದರೂ ಹೊಯ್ಯುವುದು ಕೊಲ್ಲುವುದಕ್ಕೆ ಸಮ.

ಈಗ ನಾಲ್ಕು ಬಗೆ. ಇವು ಹಲಗೆಗೆ ಬೇಡ. ಗುದದ್ವಾರದ ಮೂಲಕ ಕೈ ಹಾಕಿ ನೋಡದೆ, ಅಲ್ಟ್ರಾಸೌಂಡ್ ಇಲ್ಲದೆ ನಮಗೇ ತಿಳಿಯದ್ದು ಸೈಸ್‌ಗೆ ಹೇಗೆ ತಿಳಿದೀತು? ಒಪ್ಪಿಗೆ ಪತ್ರಕ್ಕೆ ಮಾತ್ರ ಬೇಕು. ಯಾವುದಕ್ಕೆ ಹೊಟ್ಟೆ ಕೊಯ್ಯುತ್ತೇವೆ, ಯಾವುದಕ್ಕೆ ಕಾಯುತ್ತೇವೆ ಎಂಬುದು ಮಾಲೀಕನಿಗೆ ಗೊತ್ತಾಗಲೇಬೇಕು.

ದೊಡ್ಡ ಕರುಳಿನ ಮೊದಲ ಭಾಗ ಮೂರು, ಮೂರೂವರೆ ಮೀಟರ್ ಉದ್ದ. ಒಂದರ ಮೇಲೊಂದು ಎರಡು ಲಾಳ ಇಟ್ಟಂತೆ ಮಡಚಿಕೊಂಡಿರುತ್ತದೆ. ಹೊಟ್ಟೆಯ ಬೆನ್ನುಗೋಡೆಗೆ ಅಂಟಿರುವುದು ಬುಡದಲ್ಲಿ ಮಾತ್ರ. ಎಡಭಾಗ ಪೂರ್ತಿ ಬಿಡಿ. ಸೊಂಟದ ಹತ್ತಿರ ಅದು ಹಿಂದಕ್ಕೆ ತಿರುಗುವ ಮಡಿಕೆಯಲ್ಲಿ ಕೊಳವೆ ಥಟ್ಟನೆ ಕಿರಿದಾಗುತ್ತದೆ. ನೀರು ಕಡಿಮೆಯಾದರೆ, ಹಲ್ಲು ಸವೆದು ಒಣಮೇವು ಸರಿಯಾಗಿ ನುರಿಯದಿದ್ದರೆ, ಮೇವು ಬಂದು ನಿಲ್ಲುವುದು ಅಲ್ಲೇ. ಇದು ಇಂಪ್ಯಾಕ್ಷನ್. 'ಮಲಬದ್ಧತೆ' ಎಂದರೆ ಮನುಷ್ಯರ ಪಾಯಖಾನೆ ನೆನಪಾಗುತ್ತದೆ. ಕುದುರೆಯದ್ದು ಲದ್ದಿ. ಹಾಗಾಗಿ 'ಲದ್ದಿ ಕಟ್ಟಿದೆ'. ಕೊಳವೆಯಲ್ಲಿ ನೀರು, ಲವಣ, ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರೆ ಬಹುಪಾಲು ಕೊಯ್ಯದೆಯೇ ಬಿಡುತ್ತದೆ.

ಎರಡನೆಯದು, ಬಿಡಿಯಾಗಿರುವ ಆ ಎಡಭಾಗ ಗಾಳಿ ತುಂಬಿ ಮೇಲೇರಿ, ಗುಲ್ಮಕ್ಕೂ (ಸ್ಪ್ಲೀನ್) ಎಡ ಮೂತ್ರಪಿಂಡಕ್ಕೂ ನಡುವಿನ ಪಟ್ಟಿಯ ಮೇಲೆ ಹಗ್ಗಕ್ಕೆ ಪಂಚೆ ಹಾಕಿದಂತೆ ಬಿದ್ದುಕೊಳ್ಳುವುದು. ರಕ್ತ ಓಡಾಡುತ್ತಿರುತ್ತದೆ, ಜಾಗ ಮಾತ್ರ ತಪ್ಪಿದೆ. ಗುಲ್ಮವನ್ನು ಕುಗ್ಗಿಸುವ ಫಿನೈಲೆಫ್ರಿನ್ ಅನ್ನು ರಕ್ತನಾಳಕ್ಕೆ ನಿಧಾನ ಹರಿಸಿ, ಕುದುರೆಯನ್ನು ಸುತ್ತು ಓಡಿಸಿದರೆ ಎಷ್ಟೋ ಸಲ ಕರುಳು ತಾನೇ ಇಳಿಯುತ್ತದೆ. 15 ವರ್ಷ ದಾಟಿದ ಕುದುರೆಗೆ ಇದರಿಂದ ಒಳಗೇ ರಕ್ತ ಸುರಿದು ಸಾಯುವ ಅಪಾಯವಿದೆ. ಅದೂ ಪತ್ರದಲ್ಲಿ ಇರಲಿ. 'ಜಾರುಗರುಳು' ಒಪ್ಪಲಾರೆ. ಹಳ್ಳಿಯಲ್ಲಿ ಗರ್ಭಕೋಶವೋ ಕರುಳೋ 'ಜಾರಿತು' ಎಂದರೆ ಹೊರಗೆ ಬಂತು ಎಂದೇ ಅರ್ಥ. 'ಕರುಳು ಜಾಗ ತಪ್ಪಿದೆ' ಎನ್ನಿ.

ಮೂರನೆಯದು ಕೊಲ್ಲುವಂಥದ್ದು. ಅದೇ ಬಿಡಿ ಕರುಳು ತನ್ನ ಬುಡದ ಸುತ್ತ 360 ಡಿಗ್ರಿ, ಕೆಲವೊಮ್ಮೆ ಇನ್ನೂ ಹೆಚ್ಚು, ತಿರುಗಿ ತನ್ನ ರಕ್ತನಾಳವನ್ನೇ ಹಿಸುಕಿಕೊಳ್ಳುತ್ತದೆ. ಮರಿ ಹಾಕಿದ ಹೊಸದರಲ್ಲಿ ಹೆಣ್ಣು ಕುದುರೆಗಳಿಗೆ ಹೆಚ್ಚು. ಮೂರು ನಾಲ್ಕು ಗಂಟೆಯಲ್ಲಿ ಕರುಳಿನ ಒಳಪೊರೆ ಸರಿಪಡಿಸಲಾರದಷ್ಟು ಕೆಡುತ್ತದೆ. ಬೆನ್ನಿನ ಮೇಲೆ ಮಲಗಿಸಿ, ಹೊಕ್ಕುಳಿಂದ ಎದೆಯ ಕಡೆಗೆ ನಡುಗೆರೆಯಲ್ಲಿ ಕೊಯ್ದು, ಸೊಂಟದ ಮಡಿಕೆಯಲ್ಲಿ ತೂತು ಮಾಡಿ ಕರುಳು ಬರಿದು ಮಾಡಿ, ತಿರುವು ಬಿಡಿಸಬೇಕು. ಇದಕ್ಕೆ 'ನುಲಿ' ಸಹಜವಾಗಿ ಬಾಯಿಗೆ ಬರುತ್ತದೆ, ಆದರೆ ಅಲ್ಲೇ ತೊಡಕು. ಅಚ್ಚುಮೊಳೆಯವರ ಹೊಟ್ಟೆಯೂ ನುಲಿಯಿತಲ್ಲ? ನುಲಿ ಯಾವ ಹೊಟ್ಟೆನೋವಿಗಾದರೂ ಸಲ್ಲುತ್ತದೆ. 'ನುಲಿದಿದೆ' ಎಂದರೆ ಮಾಲೀಕ 'ಓಮದ ನೀರು ಕೊಟ್ಟರೆ ಹೋದೀತು' ಎಂದುಕೊಳ್ಳುತ್ತಾನೆ. 'ಕರುಳು ತಿರುಚಿದೆ' ಎಂದು ಹಾಕಿ.

ನಾಲ್ಕನೆಯದು ಅಂಗಿಯ ತೋಳು ತನ್ನೊಳಗೇ ಹೋದಂತೆ. ಸಣ್ಣ ಕರುಳಿನ ತುದಿ, ತಾನು ಸೇರುವ ಚೀಲದಂಥ ಸೀಕಂನೊಳಗೆ ನುಗ್ಗುತ್ತದೆ. ಎಳೆಯ ಕುದುರೆಗಳಲ್ಲಿ ಹೆಚ್ಚು, ಲಾಡಿಹುಳದ ಕಾಟದ ಜೊತೆ ನಂಟಿದೆ. 'ಹೊಕ್ಕುಗರುಳು' ಬೇಡವೇ ಬೇಡ. ಓದುವವರು 'ಹೊಕ್ಕುಳ ಕರುಳು' ಎಂದುಕೊಳ್ಳುತ್ತಾರೆ, ಮರಿಗಳಲ್ಲಿ ಹೊಕ್ಕುಳ ಹರ್ನಿಯಾ ಬೇರೆಯೇ ಇದೆ.

ಒಳನುಡಿ ಬರೆದದ್ದು:

ಕೊಟ್ಟ ನಾಲ್ಕರಲ್ಲಿ ನಾಲ್ಕನ್ನೂ ಕಡೆಗಣಿಸಿದಿರಿ. ಇರಲಿ. ಆದರೆ 'ಸೀಕಂ' ಏಕೆ? 'ಕುರುಡುಗರುಳು' ಎನ್ನಲು ಬಾಯಿ ನೋಯುತ್ತದೆಯೇ? ಇನ್ನೂ ಒಂದು ಮಾತು. ನೀವು ಹೇಳಿದ 'ಲಕ್ಶಣ', 'ಗುಲ್ಮ', 'ಮೂತ್ರಪಿಂಡ' ಎಲ್ಲವೂ ತಂದಿಟ್ಟ ಒರೆಗಳೇ. ಕೊಯ್ಯುವಾಗ ಕನ್ನಡ, ಬರೆಯುವಾಗ ಸಂಸ್ಕ್ರುತ.

ಲಾಯದ ಡಾಕ್ಟರ್ ಬರೆದದ್ದು:

ಕುರುಡುಗರುಳು ಚೆನ್ನಾಗಿದೆ, ತೆಗೆದುಕೊಂಡೆ. ಆದರೆ ಸೀಕಂ ಎಂಬ ಲ್ಯಾಟಿನ್ನಿನ ಅರ್ಥವೂ 'ಕುರುಡು' ಎಂದೇ. ಪದ ಬಿಟ್ಟು ಕಲ್ಪನೆಯನ್ನು ಎರವಲು ತಂದಿದ್ದೀರಿ.

ನಿಘಂಟುಪ್ರಿಯ ಬರೆದದ್ದು:

ಕುದುರೆಯ ವಿಷಯದಲ್ಲಿ ಎರವಲಿನ ಬಗ್ಗೆ ಜಗಳವಾಡುವವರಿಗೆ: ಲಗಾಮು ಪಾರ್ಸಿ. ಜೀನು ಪಾರ್ಸಿ. ಸವಾರ ಪಾರ್ಸಿ. ಸೈಸ್ ಅರಬ್ಬಿ. ಇಷ್ಟನ್ನೂ ಬಿಚ್ಚಿಟ್ಟರೆ ನಿಮ್ಮ ಕೈಲಿ ಉಳಿಯುವುದು ಬರಿಮೈ ಕುದುರೆ. ಹತ್ತಿ ನೋಡಿ.

ಹಾಗೆಯೇ ಪತ್ರದ ಮೇಲೆ 'ಪಶುವೈದ್ಯ' ಎಂದಿದೆಯಲ್ಲ, ಕುದುರೆ ಪಶುವೇ ಎಂದು ಯಾರಾದರೂ ಕೇಳುವ ಮುನ್ನ ಹೇಳಿಬಿಡುತ್ತೇನೆ. ಅಥರ್ವವೇದದ ಐದು ಪಶುಗಳು ಹಸು, ಕುದುರೆ, ಮನುಷ್ಯ, ಆಡು, ಕುರಿ. ಲ್ಯಾಟಿನ್ನಿನ 'ಪೆಕುಸ್' ಇದರದೇ ಬಳಗ. ಪಶು ಎಂದರೆ ದನ ಮಾತ್ರ ಎಂಬುದು ಈಚಿನ ಸಂಕೋಚ. ಕುದುರೆವೈದ್ಯನಿಗೆ ಹಿಂದಿಯಲ್ಲಿರುವ 'ಸಾಲೋತ್ರಿ' ಕೂಡ ನಮ್ಮ ಅಶ್ವಶಾಸ್ತ್ರಕಾರ ಶಾಲಿಹೋತ್ರನ ಹೆಸರೇ.

ರೇಸ್‌ಕೋರ್ಸ್ ರಸ್ತೆ ಬರೆದದ್ದು:

ಐದರಲ್ಲಿ ಮನುಷ್ಯನೂ ಇದ್ದಾನೆ ಎಂಬುದು ಈ ಪಟ್ಟಿ ಓದಿದಾಗಲೆಲ್ಲ ನೆನಪಾಗುತ್ತದೆ.

ಒಳನುಡಿ ಬರೆದದ್ದು:

ಪಾರ್ಸಿ ಒರೆಗಳನ್ನು ಮಂದಿ ತಾವೇ ತಂದರು, ಬಾಯಿಗೆ ಹೊಂದಿಸಿಕೊಂಡರು: ಲಗಾಮ್ ಹೋಗಿ ಲಗಾಮು ಆಯಿತು. ಆಂತ್ರಾಂತರಪ್ರವೇಶವನ್ನು ಯಾರೂ ತರಲಿಲ್ಲ, ಕಚೇರಿಯಲ್ಲಿ ಕೂತು ಹೊಲಿದರು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನಿಘಂಟುಪ್ರಿಯ ಬರೆದದ್ದು:

'ಬಿಗಿಗರುಳು' ಯಾವ ಸಂತೆಯಲ್ಲಿ ಸಿಕ್ಕಿತೋ?

ಅಚ್ಚುಮೊಳೆ ಬರೆದದ್ದು:

ಇಬ್ಬರೂ ಸ್ವಲ್ಪ ನಿಲ್ಲಿ. ಹಲಗೆಯ ಮೂಲದಲ್ಲಿ 'ಹೊರಳಲು ಬಿಡಬೇಡಿ, ಹೊರಳಿದರೆ ಕರುಳು ತಿರುಚುತ್ತದೆ' ಎಂದಿದೆ. ಹಾಗೇ ಇಳಿಸಲೇ?

ಲಾಯದ ಡಾಕ್ಟರ್ ಬರೆದದ್ದು:

ಬೇಡ. ಹೊರಳಿದ್ದರಿಂದ ತಿರುಚಿತು ಎನ್ನಲು ಗಟ್ಟಿ ಪುರಾವೆ ಇಲ್ಲ. ಸಾಮಾನ್ಯವಾಗಿ ನೋವು ಮೊದಲು, ಹೊರಳಾಟ ಆಮೇಲೆ. ಆ ಸಾಲು ಓದಿದ ಸೈಸ್, ಸುಸ್ತಾದ ಕುದುರೆಯನ್ನು ರಾತ್ರಿಯಿಡೀ ನಡೆಸುತ್ತಾನೆ, ಡಾಕ್ಟರಿಗೆ ಫೋನ್ ಮಾಡುವುದು ಬೆಳಿಗ್ಗೆ. ಸುಮ್ಮನೆ ಮಲಗಿದ್ದರೆ ಮಲಗಲಿ. ಒದ್ದಾಡಿ ಹೊರಳುತ್ತಿದ್ದರೆ ಮಾತ್ರ ಗೋಡೆಯಿಂದ ದೂರ, ಮೆತ್ತನೆಯ ನೆಲಕ್ಕೆ ಕರೆದೊಯ್ದು ನಿಧಾನ ನಡೆಸಲಿ. ಹತ್ತಿರ ಹೋದವರ ತಲೆಬುರುಡೆಗೂ ಅದು ಕ್ಷೇಮ.

ಬದಲಿಗೆ ನಾಡಿಯ ಸಾಲು ಹಾಕಿ. ಕೆಳದವಡೆಯ ಒಳ ಅಂಚಿನಲ್ಲಿ ಬೆರಳಿಟ್ಟರೆ ರಕ್ತನಾಳ ದಾರದಂತೆ ಜಾರಾಡುತ್ತದೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಕು. ಸುಮ್ಮನೆ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. 60 ದಾಟಿದರೆ ಅದನ್ನೇ ಮೊದಲ ಮಾತಾಗಿ ಫೋನಿನಲ್ಲಿ ಹೇಳಲಿ. 'ಸ್ವಂತ ಬುದ್ಧಿಯಿಂದ ನೋವಿನ ಇಂಜೆಕ್ಷನ್ ಬೇಡ' ಎಂಬುದೂ ಇರಲಿ. ಫ್ಲೂನಿಕ್ಸಿನ್ ಮೇಲಿಂದ ಮೇಲೆ ಕೊಟ್ಟರೆ ನೋವು ಮರೆಯಾಗಿ, ತಿರುಚಿದ ಕರುಳು ಒಳಗೇ ಕೊಳೆಯುವ ತನಕ ಕುದುರೆ ಸುಮಾರಾಗಿ ಕಾಣುತ್ತದೆ. ಅದನ್ನು ಮಾಂಸಕ್ಕೆ ಚುಚ್ಚಿದರೆ ಅಲ್ಲೇ ಕ್ಲಾಸ್ಟ್ರಿಡಿಯಂ ಸೋಂಕು ಹತ್ತಿ ಸ್ನಾಯು ಕೊಳೆಯುವುದೂ ಉಂಟು.

ನಿಘಂಟುಪ್ರಿಯ ಬರೆದದ್ದು:

ಒಂದು ತಿದ್ದುಪಡಿ, ಇದು ಹಟವಲ್ಲ. 'ತಿರುಚು' ಸಕರ್ಮಕ. 'ಕರುಳು ತಿರುಚಿದೆ' ಎಂದರೆ ಕರುಳು ಏನನ್ನು ತಿರುಚಿತು ಎಂಬ ಪ್ರಶ್ನೆ ಏಳುತ್ತದೆ. 'ತಿರುಚಿಕೊಂಡಿದೆ' ಆಗಬೇಕು.

ಲಾಯದ ಡಾಕ್ಟರ್ ಬರೆದದ್ದು:

ಸರಿ. ಅದು ಮಾಡುವುದೂ ಅದನ್ನೇ.

ಅಚ್ಚುಮೊಳೆ ಬರೆದದ್ದು:

ಅಂತಿಮ ಕರಡು.

ಹಲಗೆಯ ತಲೆಬರಹ: ಕುದುರೆಗೆ ಹೊಟ್ಟೆನೋವು
ಕೆಳಗೆ: ಕುದುರೆಗೆ ವಾಂತಿ ಆಗುವುದಿಲ್ಲ. ಬಾಯಿಗೆ ಎಣ್ಣೆ, ಔಷಧ ಹೊಯ್ಯಬೇಡಿ. ಮೇವು ತೆಗೆಯಿರಿ. ನಾಡಿ ಎಣಿಸಿ. ಡಾಕ್ಟರಿಗೆ ಫೋನ್ ಮಾಡಿ. ಕೊನೆಯ ಲದ್ದಿ ಎಷ್ಟು ಹೊತ್ತಿಗೆ ಹಾಕಿತು, ತಿಳಿಸಿ.

ಒಪ್ಪಿಗೆ ಪತ್ರದಲ್ಲಿ: ಲದ್ದಿ ಕಟ್ಟಿದೆ / ಕರುಳು ಜಾಗ ತಪ್ಪಿದೆ / ಕರುಳು ತಿರುಚಿಕೊಂಡಿದೆ / ಕರುಳೊಳಗೆ ಕರುಳು ಹೊಕ್ಕಿದೆ.

ಕೊನೆಯದು ನಡುವಿನ ಜಾಗಗಳೂ ಸೇರಿ 13 ಅಕ್ಷರ. ಎಣಿಸಿದ್ದೇನೆ. 'ಆಂತ್ರಾಂತರಪ್ರವೇಶ' ಏಳೇ ಅಕ್ಷರ ಎಂದು ಯಾರೂ ಬರೆಯಬೇಡಿ, ಅದನ್ನೂ ಎಣಿಸಿದ್ದೇನೆ. ಒಳನುಡಿಯವರೇ, ಕುರುಡುಗರುಳು ಪತ್ರದ ಎರಡನೇ ಪುಟದಲ್ಲಿ ಕೂತಿದೆ.

ಒಳನುಡಿ ಬರೆದದ್ದು:

ನನ್ನಿ. ಆದರೆ ನಾಲ್ಕೂ ಹೆಸರೊರೆಗಳಲ್ಲ, ಸೊಲ್ಲುಗಳು. ಹೆಸರು ಕೇಳಿದವರಿಗೆ ವಾಕ್ಯ ಕೊಟ್ಟಂತಾಯಿತು.

ಲಾಯದ ಡಾಕ್ಟರ್ ಬರೆದದ್ದು:

ಮಾಲೀಕ ಕೇಳುವುದು 'ಏನಾಗಿದೆ' ಎಂದು. 'ಹೆಸರೇನು' ಎಂದು ಈವರೆಗೆ ಯಾರೂ ಕೇಳಿಲ್ಲ.

ನಿಘಂಟುಪ್ರಿಯ ಬರೆದದ್ದು:

'ಲದ್ದಿ' ದೇಸಿಯೇ ಎಂಬುದನ್ನು ಯಾರಾದರೂ ನೋಡಿದ್ದೀರಾ? ಹಿಂದಿಯಲ್ಲಿ 'ಲೀದ್' ಇದೆ, ತಮಿಳಿನಲ್ಲಿ 'ಇಲತ್ತಿ' ಇದೆ. ಯಾರು ಯಾರಿಂದ

ಅಚ್ಚುಮೊಳೆ ಬರೆದದ್ದು:

ಬೇರೆ ಎಳೆ ತೆರೆಯಿರಿ ಸಾರ್. ಇದು ಅಚ್ಚಿಗೆ ಹೋಯಿತು.