ಆರ್ಕೇಡ್ ಪ್ಯಾನೆಲ್‌ಗೆ ಮನೆಯಲ್ಲೇ ಟ್ರ್ಯಾಕ್‌ಬಾಲ್: ಮಾಡಿದವರು ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಳೆಯ ಆರ್ಕೇಡ್ ಆಟಗಳಿಗಾಗಿ ಒಂದು ಕಂಟ್ರೋಲ್ ಪ್ಯಾನೆಲ್ ಮಾಡುತ್ತಿದ್ದೇನೆ. ಬಟನ್, ಜಾಯ್‌ಸ್ಟಿಕ್ ಕೂರಿಸಿ ಆಯಿತು. ಆದರೆ 1980ರ ಮಿಸೈಲ್ ಕಮಾಂಡ್ ಥರದ ಆಟಗಳನ್ನು ಜಾಯ್‌ಸ್ಟಿಕ್‌ನಲ್ಲಿ ಆಡಿದರೆ ಮಜಾನೇ ಇಲ್ಲ, ಟ್ರ್ಯಾಕ್‌ಬಾಲ್ (ಕೈಯಿಂದ ಉರುಳಿಸಿ ತೆರೆಯ ಮೇಲಿನ ಗುರಿಯನ್ನು ಸರಿಸುವ ಚೆಂಡು) ಬೇಕೇ ಬೇಕು. ಅದನ್ನು ನಾನೇ ಮಾಡಬೇಕು ಅಂತ ಆಸೆ. ಕೈಯಲ್ಲಿ ಒಂದು ಪೂಲ್ ಚೆಂಡು, ಒಳಗೆ ರಬ್ಬರ್ ಚೆಂಡಿರುವ ಹಳೆಯ ಮೌಸ್ ಎರಡು ಇವೆ. ಎಲ್ಲಿಂದ ಶುರು ಮಾಡಲಿ? ನೀವು ಎಲ್ಲಿ ಎಡವಿದಿರಿ?

ಉತ್ತರ 1

ಪೂಲ್ ಚೆಂಡು ಒಳ್ಳೆಯ ಆಯ್ಕೆ. ಅಡ್ಡಳತೆ 57.15 ಮಿ.ಮೀ., ಅಂದರೆ ಎರಡೂಕಾಲು ಇಂಚು. ಆರ್ಕೇಡ್ ಟ್ರ್ಯಾಕ್‌ಬಾಲ್‌ಗಳಲ್ಲಿ ಬಳಕೆಯಲ್ಲಿರುವ ಅಳತೆಗಳಲ್ಲಿ ಇದೂ ಒಂದು. ಸುಮಾರು 160 ಗ್ರಾಂ ತೂಕ ಇರುವುದರಿಂದ ಒಮ್ಮೆ ತಳ್ಳಿ ಕೈ ಬಿಟ್ಟರೂ ಉರುಳುತ್ತಲೇ ಇರುತ್ತದೆ. ಆಟಕ್ಕೆ ಬೇಕಾದ್ದು ಅದೇ ಅಲ್ವಾ?

ನಾನು ಎಡವಿದ್ದು ತೂತಿನಲ್ಲಿ. ಚೆಂಡು ಪ್ಯಾನೆಲ್‌ನಿಂದ 16 ಮಿ.ಮೀ. ಮೇಲೆ ಕಾಣಬೇಕು ಅಂತ ಲೆಕ್ಕ ಹಾಕಿದೆ. ಆ ಮಟ್ಟದಲ್ಲಿ ಚೆಂಡಿನ ಅಗಲ 51.3 ಮಿ.ಮೀ. ಬರುತ್ತದೆ. ಅದಕ್ಕೆ ಪ್ಯಾನೆಲ್‌ನ ಪ್ಲೇಟಿನಲ್ಲಿ 54 ಮಿ.ಮೀ. ತೂತು ಕೊರೆದೆ. ಸುತ್ತಲೂ ಒಂದೂಕಾಲು ಮಿ.ಮೀ.ಗಿಂತ ಜಾಸ್ತಿ ಸಂದು, ಸಾಕು ಅಂದುಕೊಂಡೆ. ಕೂರಿಸಿ ತಿರುಗಿಸಿದರೆ ಕರ್ ಕರ್ ಸದ್ದು! ಬೇರಿಂಗ್ ಕೆಟ್ಟಿದೆ ಅಂತ ಎರಡು ಸಂಜೆ ಬಿಚ್ಚಿ ಬಿಚ್ಚಿ ನೋಡಿದೆ. ಕೊನೆಗೆ ಪ್ಲೇಟ್ ತಿರುಗಿಸಿ ನೋಡಿದಾಗ ತೂತಿನ ಕೆಳ ಅಂಚಿನಲ್ಲಿ ಒಂದು ಕಡೆ ಮಾತ್ರ ಉಜ್ಜಿದ ಗೆರೆ ಇತ್ತು. ಪ್ಲೇಟ್ 3 ಮಿ.ಮೀ. ದಪ್ಪ. ಕೆಳಗೆ ಹೋದಂತೆ ಚೆಂಡು ಅಗಲ ಆಗುತ್ತದೆ. ಪ್ಲೇಟಿನ ತಳದಲ್ಲಿ ಅದು 53.8 ಮಿ.ಮೀ. ಆಗಿಬಿಟ್ಟಿತ್ತು. ಮೇಲೆ ಇದ್ದ ಸಂದು ಕೆಳಗೆ ಇರಲೇ ಇಲ್ಲ.

ತೂತು ದೊಡ್ಡದು ಮಾಡಲಿಲ್ಲ. ಮಾಡಿದ್ದರೆ ಬೆರಳಿನ ಚರ್ಮ ಸಿಕ್ಕಿಹಾಕಿಕೊಳ್ಳುತ್ತಿತ್ತು. ತಳದ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿದೆ, ಸರಿಹೋಯಿತು. ನಿಮ್ಮದು 18 ಮಿ.ಮೀ. ಪ್ಲೈವುಡ್ ಆದರೆ ನೇರವಾದ ತೂತು ಆಗುವುದೇ ಇಲ್ಲ. ಚೆಂಡಿನ ಅತಿ ಅಗಲದ ಜಾಗ ಹಲಗೆಯ ಒಳಗೇ ಬರುತ್ತದೆ. ಹಲಗೆಯಲ್ಲಿ ದೊಡ್ಡ ತೂತು ಕೊರೆದು, ಮೇಲೆ ತೆಳು ಪ್ಲೇಟ್ ಹಾಕಿ.

ಉತ್ತರ 2

ಮೌಸ್‌ನಲ್ಲಿ ಚೆಂಡಿಗೆ ತಾಗಿ ತಿರುಗುವ ರೋಲರ್‌ಗಳನ್ನು ನಂಬಬೇಡಿ. ಅವು ಸಣ್ಣ ರಬ್ಬರ್ ಚೆಂಡಿಗೆ ಮಾಡಿದ ಪ್ಲಾಸ್ಟಿಕ್ ಕಡ್ಡಿಗಳು. ಪೂಲ್ ಚೆಂಡಿನ ಭಾರಕ್ಕೆ ಬಾಗುತ್ತವೆ. ರೋಲರ್ ಜೊತೆ ತಿರುಗುವ, ಸೀಳುಗಳಿರುವ ಡಿಸ್ಕ್ ಮತ್ತು ಆ ಸೀಳುಗಳನ್ನು ಗುರುತಿಸುವ ಸೆನ್ಸರ್‌ಗಳನ್ನು ಮಾತ್ರ ತೆಗೆದುಕೊಳ್ಳಿ. ರೋಲರ್‌ಗೆ ನೇರವಾದ ಸ್ಟೀಲ್ ಸರಳು ಬೇಕು. ಮೇಜಿನ ಗಾಜಿನ ಮೇಲೆ ಉರುಳಿಸಿ ನೋಡಿ, ಕುಣಿದರೆ ಬೇಡ. ಎರಡು ರೋಲರ್ ಒಂದಕ್ಕೊಂದು 90 ಡಿಗ್ರಿಯಲ್ಲಿ, ಅವುಗಳ ಎದುರು ಮೂಲೆಯಲ್ಲಿ ಒಂದು ಬೇರಿಂಗ್. ಚೆಂಡು ಈ ಮೂರರ ಮೇಲೆ ಮಾತ್ರ ಕೂರಬೇಕು.

ಬೇರಿಂಗ್ ವಿಷಯ ಗಮನ ಕೊಟ್ಟು ಕೇಳಿ. ಹೊಸ ಬೇರಿಂಗ್ ಒಳಗೆ ದಪ್ಪ ಗ್ರೀಸ್ ತುಂಬಿರುತ್ತದೆ. ಭಾರಿ ವೇಗದ ಮೋಟರಿಗೆ ಅದು ಸರಿ, ಬೆರಳಲ್ಲಿ ತಿರುಗಿಸುವ ಚೆಂಡಿಗೆ ಅದೇ ಬ್ರೇಕ್. ನಾನು ಗ್ರೀಸ್ ಪೂರ್ತಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೇ ಹನಿ ಹಾಕಿದೆ. ಮೊದಲು ತಳ್ಳಿದರೆ ಚೆಂಡು ಒಂದು ಸುತ್ತು ಬರುವಷ್ಟರಲ್ಲಿ ನಿಲ್ಲುತ್ತಿತ್ತು. ಆಮೇಲೆ ಸುಮ್ನೆ ಮುಟ್ಟಿದರೂ ಓಡುತ್ತಿತ್ತು. ಎಣ್ಣೆ ಚೆಂಡಿಗೋ ರೋಲರ್‌ಗೋ ತಾಗಬಾರದು, ತಾಗಿದರೆ ಜಾರುತ್ತದೆ.

ಉತ್ತರ 3

ಎಲೆಕ್ಟ್ರಾನಿಕ್ಸ್ ಭಾಗ ನಾನು ಹೇಳುತ್ತೇನೆ. ಮೊದಲು ಮೌಸ್‌ನ ಬೋರ್ಡನ್ನೇ ಇಟ್ಟುಕೊಂಡಿದ್ದೆ. ನಿಧಾನಕ್ಕೆ ತಿರುಗಿಸಿದಾಗ ಚೆನ್ನಾಗಿತ್ತು. ಜೋರಾಗಿ ತಳ್ಳಿದರೆ ಗುರಿ ಹಿಂದಕ್ಕೆ ಓಡುತ್ತಿತ್ತು! ಇದಕ್ಕೆ ಬ್ಯಾಕ್‌ಸ್ಪಿನ್ ಅನ್ನುತ್ತಾರೆ. ನನ್ನ ಡಿಸ್ಕ್‌ನಲ್ಲಿ 36 ಸೀಳು, ರೋಲರ್ 8 ಮಿ.ಮೀ. ಚೆಂಡು ಒಂದು ಸುತ್ತು ಬಂದರೆ ರೋಲರ್ 7 ಸುತ್ತು, ಪ್ರತಿ ಸೀಳಿಗೆ 4 ಎಣಿಕೆ. ಒಟ್ಟು ಸಾವಿರದಷ್ಟು. ಸೆಕೆಂಡಿಗೆ ಐದು ಸುತ್ತು ತಿರುಗಿಸಿದರೆ ಐದು ಸಾವಿರ. ಆ ಹಳೆಯ ಚಿಪ್ ಅಷ್ಟು ಬೇಗ ಎಣಿಸಲಾರದೆ ದಿಕ್ಕು ತಪ್ಪುತ್ತಿತ್ತು.

ಅದರ ಬದಲು ಆರ್ಡುಯಿನೊ ಲಿಯೊನಾರ್ಡೊ ಅನ್ನುವ, ನಾವೇ ಪ್ರೋಗ್ರಾಂ ಬರೆದು ಹಾಕಬಹುದಾದ ಸಣ್ಣ ಬೋರ್ಡ್ ಹಾಕಿದೆ. ಅದರ ಚಿಪ್ ಯುಎಸ್‌ಬಿ ಮೌಸ್ ಆಗಿ ನೇರ ಕೆಲಸ ಮಾಡುತ್ತದೆ. ರೋಲರ್‌ಗೆ ಎರಡರಂತೆ ನಾಲ್ಕೂ ಸಿಗ್ನಲ್ ತಂತಿಗಳನ್ನು ಇಂಟರಪ್ಟ್ ಪಿನ್‌ಗಳಿಗೆ (ಸಿಗ್ನಲ್ ಬದಲಾದ ಕೂಡಲೇ ಚಿಪ್‌ಗೆ ತಿಳಿಸುವ ಪಿನ್‌ಗಳು) ಕೊಡಿ. ರೋಲರ್ ಸ್ವಲ್ಪ ದಪ್ಪ ಮಾಡಿದರೂ ಎಣಿಕೆ ಕಡಿಮೆಯಾಗುತ್ತದೆ. ವಾಲ್ಯೂಮ್ ತಿರುಗಿಸುವ ಥರದ, ಟಿಕ್ ಟಿಕ್ ಅನ್ನುವ ಎನ್‌ಕೋಡರ್ (ತಿರುಗಿದ್ದನ್ನು ಎಣಿಸುವ ಬಿಡಿಭಾಗ) ಮಾತ್ರ ಬಳಸಬೇಡಿ. ಅದು ಪ್ರತಿ ಟಿಕ್‌ಗೂ ಚೆಂಡನ್ನು ಹಿಡಿದು ನಿಲ್ಲಿಸುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ತೆಳು ಪ್ಲೇಟ್ ಕತ್ತರಿಸಿ, ಕೆಳ ಅಂಚು ಉಜ್ಜಿ, ಬೇರಿಂಗ್ ತೊಳೆದು ಜೋಡಿಸಿದೆ. ಚೆಂಡು ನುಣ್ಣಗೆ ಉರುಳುತ್ತಿದೆ, ಖುಷಿ ಆಯಿತು! ಆದರೆ ಮೇಲಕ್ಕೆ ತಳ್ಳಿದರೆ ಗುರಿ ಕೆಳಗೆ ಹೋಗುತ್ತದೆ. ಎಡ ಬಲ ಸರಿಯಾಗಿದೆ.

ಉತ್ತರ 3

ಗಾಬರಿ ಬೇಡ. ಆ ರೋಲರ್‌ನ ಸೆನ್ಸರ್‌ನಿಂದ ಎರಡು ಸಿಗ್ನಲ್ ತಂತಿ ಬರುತ್ತವೆ. ಅವೆರಡನ್ನು ಅದಲುಬದಲು ಮಾಡಿ. ಕರೆಂಟಿನ ತಂತಿ ಮುಟ್ಟಬೇಡಿ.

ಉತ್ತರ 2

ಇನ್ನೊಂದು ಮಾತು. ವಾರಗಟ್ಟಲೆ ಆಡಿದ ಮೇಲೆ ಚೆಂಡು ತಡೆದು ತಡೆದು ಓಡಿದರೆ ಸೆಟ್ಟಿಂಗ್ ಬದಲಾಯಿಸಲು ಹೋಗಬೇಡಿ. ಚೆಂಡು ತೆಗೆದು ರೋಲರ್ ನೋಡಿ. ಚೆಂಡು ತಾಗುವ ಜಾಗದಲ್ಲಿ ಕೈಯ ಜಿಡ್ಡು ಕಪ್ಪು ಪಟ್ಟಿಯಾಗಿ ಕೂತಿರುತ್ತದೆ. ಉಗುರಿನಿಂದ ಕೆರೆದರೆ ಸುರುಳಿಯಾಗಿ ಬರುತ್ತದೆ. ಉಳಿದದ್ದನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಒರೆಸಿ. ಅದಕ್ಕೇ ಮೇಲಿನ ಪ್ಲೇಟನ್ನು ಅಂಟಿಸದೆ ನಾಲ್ಕು ಸ್ಕ್ರೂನಲ್ಲಿ ಕೂರಿಸಿ.